ವಾಯುವಿನ ಒತ್ತಡ ಮತ್ತು ಗಾತ್ರ: ಒಂದು ನಿಯಮದ ಪೂರ್ವಪಕ್ಷವೂ ಸಿದ್ಧಾಂತವೂ

೧

ನಮ್ಮ ಶಾಸ್ತ್ರಾಧ್ಯಯನದ ಕ್ರಮದಲ್ಲಿ ಸಿದ್ಧಾಂತವಾಕ್ಯವನ್ನು ಮಾತ್ರ ಕಂಠಪಾಠ ಮಾಡಿದವನನ್ನು ಶಾಸ್ತ್ರಜ್ಞನೆಂದು ಎಣಿಸುವ ವಾಡಿಕೆಯಿರಲಿಲ್ಲ. ಯಾವ ಸಂಶಯದಿಂದ ವಿಚಾರವು ಹುಟ್ಟಿತು, ಪೂರ್ವಪಕ್ಷಿಯು ಏನನ್ನು ಹೇಳಿದನು, ಅವನ ಯುಕ್ತಿಯಲ್ಲಿ ಬಲವೆಷ್ಟು, ದೋಷವೆಲ್ಲಿ ಎಂಬುದನ್ನು ಕ್ರಮವಾಗಿ ಅರಿತವನಿಗೇ ಸಿದ್ಧಾಂತವು ಸ್ವಾಧೀನವಾಗುತ್ತಿದ್ದಿತು. ಭೌತವಿಜ್ಞಾನವನ್ನು ಬೋಧಿಸುವಲ್ಲಿ ಈ ಕ್ರಮವನ್ನು ಬಿಟ್ಟುಬಿಟ್ಟಿರುವುದು ಸಾಮಾನ್ಯವಾಗಿ ಕಾಣಬರುತ್ತದೆ. ಅಲ್ಲಿ ನಿಯಮವು ಒಂದು ಸೂತ್ರದಂತೆ ಬರುತ್ತದೆ. ವಿದ್ಯಾರ್ಥಿಯು ಅದನ್ನು ಒಪ್ಪಿಸುತ್ತಾನೆ. ಅದು ಯಾವ ಪ್ರಶ್ನೆಗೆ ಉತ್ತರವೆಂಬುದು ಅವನಿಗೆ ತಿಳಿಯದೆಯೇ ಉಳಿಯುತ್ತದೆ.

ಇದಕ್ಕೆ ಉತ್ತಮ ನಿದರ್ಶನವು ಬಾಯ್ಲನ ನಿಯಮ. ಉಷ್ಣತೆಯು ವ್ಯತ್ಯಾಸವಾಗದಿರುವಾಗ, ನಿಯತವಾದ ರಾಶಿಯ ಅನಿಲದ ಗಾತ್ರವು ಅದರ ಒತ್ತಡಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ ಎಂಬುದೇ ಆ ನಿಯಮ. ಒತ್ತಡವು ಇಮ್ಮಡಿಯಾದರೆ ಗಾತ್ರವು ಅರ್ಧವಾಗುತ್ತದೆ, ಮುಮ್ಮಡಿಯಾದರೆ ಮೂರನೆಯ ಒಂದು ಪಾಲಾಗುತ್ತದೆ. ಇಷ್ಟನ್ನು ಹೇಳುವುದಕ್ಕೆ ಒಂದು ಪಂಕ್ತಿ ಸಾಕು. ಆದರೆ ಈ ಪಂಕ್ತಿಯು ೧೬೬೨ರಲ್ಲಿ ಮೊದಲು ಅಚ್ಚಾದುದು ಒಬ್ಬ ಪ್ರತಿವಾದಿಗೆ ಕೊಟ್ಟ ಉತ್ತರದ ನಡುವೆ, ಆ ಉತ್ತರಕ್ಕೆ ಅಂಗವಾಗಿ. ಪ್ರತಿವಾದಿಯು ಇಲ್ಲದಿದ್ದರೆ ಬಾಯ್ಲನು ಈ ಪ್ರಯೋಗವನ್ನು ಆ ಕಾಲದಲ್ಲಿ, ಆ ರೂಪದಲ್ಲಿ ಮಾಡುವ ಪ್ರಸಕ್ತಿಯೇ ಇರುತ್ತಿರಲಿಲ್ಲ. ಆ ವಾದದ ಇತಿಹಾಸವನ್ನು ನಿರೂಪಿಸಿ, ನಿಯಮವನ್ನು ಬೋಧಿಸುವವರಿಗೆ ಅದರಿಂದ ಸಿಗುವ ಪ್ರಯೋಜನವನ್ನು ತೋರಿಸುವುದು ಈ ಲೇಖನದ ಉದ್ದೇಶ.

೨

ಯೂರೋಪಿನಲ್ಲಿ ಬಹುಕಾಲ ಪ್ರಚಲಿತವಾಗಿದ್ದ ಮತವು, ಪ್ರಕೃತಿಯು ಶೂನ್ಯವನ್ನು ಸಹಿಸದು ಎಂಬುದು. ಬಾವಿಯಿಂದ ನೀರೆತ್ತುವ ಹೀರುಯಂತ್ರದಲ್ಲಿ ಕೊಂತವನ್ನು ಮೇಲಕ್ಕೆಳೆದರೆ ನೀರು ಹಿಂಬಾಲಿಸಿ ಏರುವುದು ಶೂನ್ಯವು ಉಂಟಾಗದಿರಲಿ ಎಂಬ ಕಾರಣದಿಂದ ಎಂದು ವಿದ್ವಾಂಸರು ಹೇಳುತ್ತಿದ್ದರು. ಆದರೆ ಸುಮಾರು ೩೪ ಅಡಿಗಳಿಗಿಂತ ಮೇಲಕ್ಕೆ ನೀರು ಏರುವುದಿಲ್ಲವೆಂಬುದು ಕೆಲಸಗಾರರಿಗೆ ತಿಳಿದಿದ್ದ ಸಂಗತಿ. ೧೬೩೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗೆಲಿಲಿಯೊ ಇದನ್ನು ಪ್ರಸ್ತಾಪಿಸಿದ್ದಾನೆ. ಪ್ರಕೃತಿಗೆ ಶೂನ್ಯದ ಭಯವಿದ್ದುದಾದರೆ ಆ ಭಯವು ೩೪ ಅಡಿಗಳಲ್ಲಿಯೇ ಮುಗಿಯುವುದು ಹೇಗೆ?

ಗೆಲಿಲಿಯೊವಿನ ಕಡೆಯ ದಿನಗಳಲ್ಲಿ ಅವನ ಬಳಿಯಿದ್ದ ಟಾರಿಚೆಲ್ಲಿಯು ನೀರಿಗೆ ಬದಲಾಗಿ ಪಾದರಸವನ್ನು ತೆಗೆದುಕೊಂಡನು. ಪಾದರಸವು ನೀರಿಗಿಂತ ಹದಿಮೂರೂವರೆ ಮಡಿ ಭಾರವುಳ್ಳದ್ದು. ಒಂದು ತುದಿ ಮುಚ್ಚಿದ ಗಾಜಿನ ನಳಿಗೆಯಲ್ಲಿ ಅದನ್ನು ತುಂಬಿ, ಪಾದರಸದ ಬಟ್ಟಲಲ್ಲಿ ತಲೆಕೆಳಗಾಗಿ ನಿಲ್ಲಿಸಿದರೆ, ಒಳಗಿನ ಪಾದರಸವು ಇಳಿದು ಸುಮಾರು ೩೦ ಅಂಗುಲಗಳ ಎತ್ತರದಲ್ಲಿ ನಿಲ್ಲುತ್ತದೆ. ೧೬೪೪ರ ಪತ್ರವೊಂದರಲ್ಲಿ ಅವನು ಇದಕ್ಕೆ ಕೊಟ್ಟ ಸಮಾಧಾನವೇನೆಂದರೆ, ನಾವು ವಾಯುವೆಂಬ ಸಮುದ್ರದ ತಳದಲ್ಲಿ ವಾಸಿಸುತ್ತಿದ್ದೇವೆ, ಆ ಸಮುದ್ರದ ಭಾರವೇ ಬಟ್ಟಲಿನ ಪಾದರಸವನ್ನು ಅದುಮಿ ನಳಿಗೆಯಲ್ಲಿ ನಿಲ್ಲಿಸುತ್ತದೆ ಎಂಬುದು. ೧೬೪೮ರಲ್ಲಿ ಪಾಸ್ಕಲನ ಸೂಚನೆಯಂತೆ ಅವನ ಭಾವನಾದ ಪೆರಿಯೆ ಎಂಬುವನು ಫ್ರಾನ್ಸಿನ ಪ್ಯುಯಿ ದ ದೋಮ್ ಪರ್ವತದ ಮೇಲೆ ಇದೇ ಪ್ರಯೋಗವನ್ನು ಮಾಡಿದನು. ಶಿಖರದಲ್ಲಿ ಪಾದರಸವು ಮೂರು ಅಂಗುಲಕ್ಕೂ ಹೆಚ್ಚಾಗಿ ತಗ್ಗಿದ್ದಿತು. ಸಮುದ್ರದ ಆಳವು ಕಡಿಮೆಯಾದಲ್ಲಿ ಭಾರವೂ ಕಡಿಮೆಯಾಯಿತು.

ಇಲ್ಲಿಗೆ ವಾಯುವಿಗೆ ಭಾರವುಂಟೆಂಬುದು ಸಾಧಿತವಾಯಿತು. ಆದರೆ ಭಾರವು ಒಂದು, ಪುಟಿಯುವ ಗುಣವು ಮತ್ತೊಂದು. ಬಾಗಿಲು ಮುಚ್ಚಿದ ಕೋಣೆಯಲ್ಲಿಯೂ ಪಾದರಸವು ಅಷ್ಟೇ ಎತ್ತರದಲ್ಲಿ ನಿಲ್ಲುತ್ತದೆ. ಕೋಣೆಯೊಳಗಿನ ಅಲ್ಪವಾಯುವಿನ ಭಾರವು ಅದನ್ನು ನಿಲ್ಲಿಸಲು ಎಂದಿಗೂ ಸಾಲದು. ಆ ವಾಯುವು ಮೊದಲು ಮೇಲಿನ ವಾಯುರಾಶಿಯಿಂದ ಅದುಮಲ್ಪಟ್ಟು, ಅದುಮಿದ ಬಿಲ್ಲಿನಂತೆ ಎಲ್ಲ ಕಡೆಗೂ ತಳ್ಳುತ್ತಿರುತ್ತದೆ ಎಂದು ಹೇಳಬೇಕಾಗುತ್ತದೆ. ಗೆರಿಕೆಯು ಜರ್ಮನಿಯಲ್ಲಿ ವಾಯುವನ್ನು ಹೊರಸೆಳೆಯುವ ಯಂತ್ರವನ್ನು ನಿರ್ಮಿಸಿದ ವಾರ್ತೆಯನ್ನು ಓದಿದ ರಾಬರ್ಟ್ ಬಾಯಿಲ್ ಎಂಬ ವಿದ್ವಾಂಸನು ರಾಬರ್ಟ್ ಹುಕ್ ಎಂಬ ತರುಣನ ನೆರವಿನಿಂದ ಅದಕ್ಕಿಂತ ಉತ್ತಮವಾದ ಯಂತ್ರವನ್ನು ಮಾಡಿಸಿ, ತನ್ನ ಪ್ರಯೋಗಗಳನ್ನು ೧೬೬೦ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಅರ್ಧ ಉಬ್ಬಿಸಿ ಬಾಯಿ ಕಟ್ಟಿದ ಕುರಿಮರಿಯ ಮೂತ್ರಕೋಶವು ಯಂತ್ರದ ಪಾತ್ರೆಯೊಳಗೆ ಸುತ್ತಲಿನ ವಾಯುವು ಕಡಿಮೆಯಾದಂತೆಲ್ಲ ತಾನಾಗಿ ಉಬ್ಬಿತು. ವಾಯುವಿನ ಅವಯವಗಳು ಉಣ್ಣೆಯ ಕಂತೆಯಂತೆ, ಅದುಮಿದರೆ ಕುಗ್ಗಿ, ಬಿಟ್ಟರೆ ಅರಳುವುವೆಂದು ಅವನು ಹೋಲಿಸಿದನು. ಆದರೆ ಈ ಗ್ರಂಥದಲ್ಲಿ ಗಾತ್ರಕ್ಕೂ ಒತ್ತಡಕ್ಕೂ ಇರುವ ಅನುಪಾತದ ನಿಯಮವಿಲ್ಲ.

೩

ಪೂರ್ವಪಕ್ಷವು ಬಂದುದು ೧೬೬೧ರಲ್ಲಿ. ಲೀಜ್ ನಗರದ ಆಂಗ್ಲ ಜೆಸ್ಯೂಟ್ ವಿದ್ಯಾಲಯದಲ್ಲಿ ಬೋಧಿಸುತ್ತಿದ್ದ ಫ್ರಾನ್ಸಿಸ್ ಲೈನಸ್ ಎಂಬ ಪಾದ್ರಿಯು ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಬರೆದು ಬಾಯ್ಲನ ಮತವನ್ನು ಆಕ್ಷೇಪಿಸಿದನು. ಪಠ್ಯಪುಸ್ತಕಗಳಲ್ಲಿ ಇವನ ಹೆಸರು ಬರುವುದೇ ಅಪರೂಪ. ಬಂದರೂ ಉಪಹಾಸಕ್ಕಾಗಿ ಬರುತ್ತದೆ. ಅವನ ಯುಕ್ತಿಯಾದರೋ ಉಪಹಾಸಕ್ಕೆ ಯೋಗ್ಯವಾದುದಲ್ಲ.

ಅವನು ಹೇಳಿದುದಿಷ್ಟು: ವಾಯುವಿಗೆ ಭಾರವೂ ಪುಟಿತವೂ ಉಂಟೆಂದು ಒಪ್ಪೋಣ. ಆದರೆ ೨೯ ಅಂಗುಲ ಪಾದರಸವನ್ನು ಹೊತ್ತು ನಿಲ್ಲಿಸುವಷ್ಟು ಬಲ ಅದಕ್ಕೆ ಉಂಟೆಂಬುದಕ್ಕೆ ಪ್ರಮಾಣವೇನು? ಎರಡು ತುದಿಯೂ ತೆರೆದಿರುವ ನಳಿಗೆಯನ್ನು ಪಾದರಸದಿಂದ ತುಂಬಿ, ಮೇಲಿನ ತುದಿಯನ್ನು ಬೆರಳಿನಿಂದ ಮುಚ್ಚಿ, ಕೆಳತುದಿಯನ್ನು ಬಟ್ಟಲಿನಲ್ಲಿಟ್ಟು ನೋಡಿರಿ. ಪಾದರಸವು ಇಳಿದೊಡನೆ ಬೆರಳು ಒಳಗಡೆಗೆ ಎಳೆಯಲ್ಪಡುವುದು ಪ್ರತ್ಯಕ್ಷವಾಗಿ ಅನುಭವಕ್ಕೆ ಬರುತ್ತದೆ. ತಳ್ಳುವವನು ಹೊರಗಿದ್ದರೆ ಒಳಗಿನಿಂದ ಸೆಳೆತವೇಕೆ? ಆದುದರಿಂದ ಪಾದರಸದ ಮೇಲ್ಗಡೆ ಕಣ್ಣಿಗೆ ಕಾಣದ ಒಂದು ಸೂಕ್ಷ್ಮರಜ್ಜುವು ಉಂಟಾಗಿ ಅದು ಪಾದರಸವನ್ನು ಮೇಲಕ್ಕೂ ಬೆರಳನ್ನು ಕೆಳಕ್ಕೂ ಎಳೆಯುತ್ತದೆ.

ಪ್ರತ್ಯಕ್ಷವನ್ನು ಆಧಾರವಾಗಿಟ್ಟುಕೊಂಡ ಈ ಪೂರ್ವಪಕ್ಷವು ಎಷ್ಟು ಸಹಜವೆಂಬುದನ್ನು ಬೋಧಕರು ಬಲ್ಲರು. ಇಂದಿಗೂ ಬಾಲಕನೊಬ್ಬನು ಬಾಯಿಯಿಂದ ಸೀಸೆಯ ವಾಯುವನ್ನು ಹೀರಿ ತುಟಿಯನ್ನು ಅದಕ್ಕೆ ಅಂಟಿಸಿಕೊಂಡಾಗ ಸೀಸೆಯು ಎಳೆಯುತ್ತದೆಂದೇ ಹೇಳುತ್ತಾನೆ. ಹೊರಗಿನ ವಾಯುವು ತಳ್ಳುತ್ತದೆಂದು ಹೇಳುವುದಿಲ್ಲ. ಲೈನಸನು ಪ್ರತಿಯೊಬ್ಬ ವಿದ್ಯಾರ್ಥಿಯ ಮನಸ್ಸಿನಲ್ಲಿಯೂ ಇರುವ ಪೂರ್ವಪಕ್ಷವನ್ನೇ ಶಾಸ್ತ್ರದ ಭಾಷೆಯಲ್ಲಿ ಮಂಡಿಸಿದನು.

೪

ಬಾಯ್ಲನು ತನ್ನ ಗ್ರಂಥದ ಎರಡನೆಯ ಮುದ್ರಣಕ್ಕೆ ೧೬೬೨ರಲ್ಲಿ ಸೇರಿಸಿದ ಸಮರ್ಥನೆಯಲ್ಲಿ ಪ್ರತಿವಾದಿಯ ಯುಕ್ತಿಗಳನ್ನು ಮೊದಲು ಅನುವಾದಮಾಡಿ, ಆಮೇಲೆ ಖಂಡಿಸುತ್ತಾನೆ. ಬೆರಳಿನ ಅನುಭವಕ್ಕೆ ಸಮಾಧಾನವು ಸುಲಭ: ಬೆರಳಿನ ಹೊರಭಾಗವನ್ನು ವಾಯುವು ಅದುಮುತ್ತಿದೆ, ಒಳಭಾಗದಲ್ಲಿ ಎದುರೊತ್ತಡವಿಲ್ಲ, ಆದುದರಿಂದ ಮಾಂಸವು ಒಳಕ್ಕೆ ಉಬ್ಬುತ್ತದೆ. ಆದರೆ ಮುಖ್ಯವಾದ ಆಕ್ಷೇಪವು ಬಲದ ಪರಿಮಾಣವನ್ನು ಕುರಿತದ್ದು. ವಾಯುವಿಗೆ ಅಷ್ಟು ಬಲವುಂಟೆ ಎಂಬ ಪ್ರಶ್ನೆಗೆ ಮಾತಿನ ಉತ್ತರವು ಸಾಲದು, ಅಳೆದು ತೋರಿಸಬೇಕು. ನಿಯಮವು ಹುಟ್ಟಿದುದು ಇಲ್ಲಿಯೇ.

ಒಂದು ಕಡೆ ಗಿಡ್ಡವಾಗಿಯೂ ಮತ್ತೊಂದು ಕಡೆ ಬಹಳ ಉದ್ದವಾಗಿಯೂ ಇರುವಂತೆ ಬಗ್ಗಿಸಿದ ಗಾಜಿನ ನಳಿಗೆಯನ್ನು ಅವನು ಮಾಡಿಸಿದನು. ಗಿಡ್ಡ ತೋಳಿನ ತುದಿಯು ಮುಚ್ಚಿದ್ದಿತು. ಎರಡು ತೋಳುಗಳಿಗೂ ಅಂಗುಲಗಳನ್ನು ಗುರುತುಮಾಡಿದ ಕಾಗದದ ಪಟ್ಟಿಗಳನ್ನು ಅಂಟಿಸಿದ್ದಿತು. ಮೊದಲಿನ ನಳಿಗೆಯು ಪ್ರಯೋಗದ ನಡುವೆ ಒಡೆದುಹೋಗಿ ಎರಡನೆಯದನ್ನು ಮಾಡಿಸಬೇಕಾಯಿತು. ಉದ್ದ ತೋಳು ಕೋಣೆಯಲ್ಲಿ ಹಿಡಿಸದಿದ್ದುದರಿಂದ ಮೆಟ್ಟಿಲಸಾಲಿನಲ್ಲಿ ಅದನ್ನು ತೂಗಹಾಕಿ, ಚೆಲ್ಲಿದ ಪಾದರಸವು ಹಾಳಾಗದಂತೆ ಕೆಳಗೆ ಮರದ ಪೆಟ್ಟಿಗೆಯನ್ನಿಟ್ಟರು. ಉದ್ದ ತೋಳಿನಲ್ಲಿ ಪಾದರಸವನ್ನು ಸ್ವಲ್ಪಸ್ವಲ್ಪವಾಗಿ ಸುರಿಯುತ್ತ ಬಂದಂತೆ ಗಿಡ್ಡ ತೋಳಿನಲ್ಲಿ ಸಿಕ್ಕಿಬಿದ್ದ ವಾಯುವು ಕುಗ್ಗುತ್ತ ಬಂದಿತು. ಮೊದಲು ೧೨ ಅಂಗುಲ, ಎಂದರೆ ಕಾಲಂಗುಲದ ೪೮ ಭಾಗಗಳನ್ನು, ವ್ಯಾಪಿಸಿದ್ದ ವಾಯುವು ೨೪ ಭಾಗಗಳಿಗೆ ಇಳಿದಾಗ ಉದ್ದ ತೋಳಿನ ಪಾದರಸವು ೨೯ ಅಂಗುಲಗಳಿಗೆ ತುಸು ಹೆಚ್ಚಾಗಿ ಏರಿದ್ದಿತು. ಅರ್ಧಕ್ಕೆ ಕುಗ್ಗಿದ ವಾಯುವು ವಾಯುಮಂಡಲದ ಭಾರವನ್ನಲ್ಲದೆ ಅಷ್ಟೇ ಭಾರದ ಪಾದರಸವನ್ನೂ ಹೊತ್ತಿದ್ದಿತೆಂಬುದು ಇದರಿಂದ ಪ್ರತ್ಯಕ್ಷವಾಯಿತು.

ಬಾಯ್ಲನ ಕೋಷ್ಟಕದಲ್ಲಿ ೨೫ ಸಾಲುಗಳಿವೆ. ಅವುಗಳಲ್ಲಿ ಐದನ್ನು ಇಲ್ಲಿ ಕೊಟ್ಟಿದೆ. ಗಾತ್ರವು ಕಾಲಂಗುಲದ ಭಾಗಗಳಲ್ಲಿಯೂ ಉಳಿದವು ಪಾದರಸದ ಅಂಗುಲಗಳಲ್ಲಿಯೂ ಇವೆ.

ಗಾತ್ರ ೪೮: ಸುರಿದ ಪಾದರಸದ ಎತ್ತರ ೦, ಒಟ್ಟು ಒತ್ತಡ ೨೯ ೨/೧೬, ಗಣಿಸಿದ ಒತ್ತಡ ೨೯ ೨/೧೬.
ಗಾತ್ರ ೩೨: ಎತ್ತರ ೧೫ ೧/೧೬, ಒಟ್ಟು ೪೪ ೩/೧೬, ಗಣಿಸಿದ್ದು ೪೩ ೧೧/೧೬.
ಗಾತ್ರ ೨೪: ಎತ್ತರ ೨೯ ೧೧/೧೬, ಒಟ್ಟು ೫೮ ೧೩/೧೬, ಗಣಿಸಿದ್ದು ೫೮ ೪/೧೬.
ಗಾತ್ರ ೧೬: ಎತ್ತರ ೫೮ ೧೨/೧೬, ಒಟ್ಟು ೮೭ ೧೪/೧೬, ಗಣಿಸಿದ್ದು ೮೭ ೬/೧೬.
ಗಾತ್ರ ೧೨: ಎತ್ತರ ೮೮ ೭/೧೬, ಒಟ್ಟು ೧೧೭ ೯/೧೬, ಗಣಿಸಿದ್ದು ೧೧೬ ೮/೧೬.

ಗಾತ್ರವನ್ನೂ ಒಟ್ಟು ಒತ್ತಡವನ್ನೂ ಗುಣಿಸಿದರೆ ಕ್ರಮವಾಗಿ ೧೩೯೮, ೧೪೧೪, ೧೪೧೧ ೧/೨, ೧೪೦೬, ೧೪೧೦ ೩/೪ ಬರುತ್ತವೆ. ಇವು ಪರಸ್ಪರ ಸಮವಲ್ಲ. ಆದರೆ ವ್ಯತ್ಯಾಸವು ನೂರಕ್ಕೆ ಒಂದರ ಆಸುಪಾಸಿನಲ್ಲಿದೆ. ಬಾಯ್ಲನು ಕಂಡುದನ್ನು ಒಂದು ಅಂಕಣದಲ್ಲಿಯೂ ನಿಯಮದಂತೆ ಇರಬೇಕಾದುದನ್ನು ಮತ್ತೊಂದು ಅಂಕಣದಲ್ಲಿಯೂ ಅಚ್ಚುಹಾಕಿಸಿ, ಭೇದವನ್ನು ಮುಚ್ಚದೆ ಓದುಗರ ಮುಂದಿಟ್ಟನು. ಖಂಡಿತಕ್ಕೆ ನಿಂತವನ ಪ್ರಾಮಾಣಿಕತೆಯು ಇದರಲ್ಲಿ ಕಾಣುತ್ತದೆ. ಪ್ರತಿವಾದಿಯ ಆಕ್ಷೇಪಕ್ಕೆ ಉತ್ತರವೂ ಇಲ್ಲಿಯೇ ಸಿಕ್ಕಿತು: ೨೯ ಅಂಗುಲ ಪಾದರಸವನ್ನು ನಿಲ್ಲಿಸಲಾರದೆಂದು ಲೈನಸನು ಹೇಳಿದ ವಾಯುವು ೧೧೭ ಅಂಗುಲಗಳಿಗೆ ಸಮನಾದ ಭಾರವನ್ನು ತಾಳಿತು.

ವಾಯುವನ್ನು ಹಿಗ್ಗಿಸುವಲ್ಲಿಯೂ ಇದೇ ಅನುಪಾತವು ನಡೆಯುವುದೆ ಎಂಬುದಕ್ಕೆ ಬಾಯ್ಲನು ಬೇರೊಂದು ಕೋಷ್ಟಕವನ್ನು ಕೊಟ್ಟು, ೩೨ ಮಡಿ ಹಿಗ್ಗುವವರೆಗೆ ಪರೀಕ್ಷಿಸಿದ್ದಾನೆ. ಈ ಅನುಪಾತದ ಊಹೆಯು ತನ್ನದೆಂದು ಅವನು ಹೇಳಿಕೊಳ್ಳಲಿಲ್ಲ. ತನ್ನ ಮೊದಲ ಗ್ರಂಥವನ್ನು ಓದಿದ ರಿಚರ್ಡ್ ಟೌನ್ಲಿಯಿಂದ ಅದು ಬಂದಿತೆಂದು ಹೆಸರು ಹಿಡಿದು ಹೇಳುತ್ತಾನೆ. ಟೌನ್ಲಿಯೂ ಹೆನ್ರಿ ಪವರ್ ಎಂಬ ವೈದ್ಯನೂ ೧೬೬೧ರಲ್ಲಿ ಲ್ಯಾಂಕಶೈರಿನ ಪೆಂಡಲ್ ಗುಡ್ಡದ ಮೇಲೆ ಪ್ರಯೋಗ ಮಾಡಿದ್ದರು. ಫ್ರಾನ್ಸಿನಲ್ಲಿ ಮರಿಯಾಟನು ೧೬೭೯ರಲ್ಲಿ ಇದೇ ನಿಯಮವನ್ನು ಪ್ರಕಟಿಸಿದುದರಿಂದ ಆ ದೇಶದಲ್ಲಿ ಅದಕ್ಕೆ ಅವನ ಹೆಸರು ನಿಂತಿತು.

೫

ಈ ನಿಯಮವನ್ನು ಕನ್ನಡದಲ್ಲಿ ಹೇಳುವಾಗ ನಮ್ಮಲ್ಲಿ ಹಿಂದಿನಿಂದ ಬಂದ ಶಬ್ದಗಳಲ್ಲಿ ಯಾವುವು ಒದಗುತ್ತವೆ, ಅವು ಎಲ್ಲಿಯವರೆಗೆ ಒದಗುತ್ತವೆ ಎಂಬುದು ವಿಚಾರಣೀಯ. ಒಂದು ಹೆಚ್ಚಿದಂತೆ ಮತ್ತೊಂದು ಕಡಿಮೆಯಾಗುವ ಗಣಿತವು ನಮಗೆ ಹೊಸದಲ್ಲ. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಸುಮಾರು ೮೫೦ರಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿಯೂ, ೧೧೫೦ರ ಲೀಲಾವತಿಯಲ್ಲಿಯೂ ವ್ಯಸ್ತತ್ರೈರಾಶಿಕವು ನಿರೂಪಿತವಾಗಿದೆ. ಒಂದೇ ಧಾನ್ಯರಾಶಿಯನ್ನು ಅಳೆಯುವಲ್ಲಿ ಕೊಳಗವು ದೊಡ್ಡದಾದಷ್ಟೂ ಅಳತೆಯ ಸಂಖ್ಯೆಯು ಕಡಿಮೆಯಾಗುವುದು ಅದರ ಪ್ರಸಿದ್ಧ ವಿಷಯ. ಬಾಯ್ಲನ ಕೋಷ್ಟಕದಲ್ಲಿ ೪೮ನ್ನು ಪ್ರಮಾಣವೆಂದೂ, ೨೯ ೨/೧೬ನ್ನು ಫಲವೆಂದೂ, ೧೨ನ್ನು ಇಚ್ಛೆಯೆಂದೂ ಇಟ್ಟು, ಪ್ರಮಾಣಫಲಗಳನ್ನು ಗುಣಿಸಿ ಇಚ್ಛೆಯಿಂದ ಭಾಗಿಸಿದರೆ ೧೧೬ ೮/೧೬ ಬರುತ್ತದೆ. ಬಾಯ್ಲನು ಗಣಿಸಿದ ಅಂಕಣದ ಸಂಖ್ಯೆಯೂ ಇದೇ. ಹಳೆಯ ಲೆಕ್ಕವನ್ನು ಬಲ್ಲ ವಿದ್ಯಾರ್ಥಿಗೆ ಇಲ್ಲಿ ಹೊಸ ಗಣಿತವನ್ನು ಕಲಿಯುವ ಶ್ರಮವಿಲ್ಲ.

ಹಾಗೆಯೇ ವೈಶೇಷಿಕರು ಸಂಸ್ಕಾರವೆಂಬ ಗುಣವನ್ನು ವೇಗ, ಭಾವನಾ, ಸ್ಥಿತಿಸ್ಥಾಪಕ ಎಂದು ಮೂರಾಗಿ ವಿಂಗಡಿಸಿದ್ದಾರೆ. ಎಳೆದು ಬಿಟ್ಟ ಕೊಂಬೆಯು ಮೊದಲಿನ ಸ್ಥಾನಕ್ಕೆ ಮರಳುವುದು ಸ್ಥಿತಿಸ್ಥಾಪಕದ ಕಾರ್ಯ. ೧೭ನೆಯ ಶತಮಾನದ ವಿಶ್ವನಾಥನ ಭಾಷಾಪರಿಚ್ಛೇದದಲ್ಲಿ ಈ ಗುಣವನ್ನು ಪೃಥಿವಿಗೆ ಹೇಳಿ, ಕೆಲವರು ಪೃಥಿವ್ಯಾದಿ ನಾಲ್ಕರಲ್ಲಿಯೂ, ಎಂದರೆ ವಾಯುವಿನಲ್ಲಿಯೂ, ಇದನ್ನು ಒಪ್ಪುತ್ತಾರೆಂದು ಹೇಳಿದೆ. ಬಾಯ್ಲನು ಹೇಳಿದ ಪುಟಿತಕ್ಕೆ ಇದಕ್ಕಿಂತ ಸಮರ್ಪಕವಾದ ಶಬ್ದವು ದೊರೆಯದು.

ಇಷ್ಟರಿಂದ ಈ ನಿಯಮವು ನಮ್ಮ ಪೂರ್ವಿಕರಿಗೆ ತಿಳಿದಿದ್ದಿತೆಂದು ಹೇಳಹೊರಡುವುದು ಸಾಹಸವಾಗುತ್ತದೆ. ವೈಶೇಷಿಕಮತದಲ್ಲಿ ಗುರುತ್ವವು ಪೃಥಿವೀಜಲಗಳಲ್ಲಿ ಮಾತ್ರ ಇದೆ, ವಾಯುವಿನಲ್ಲಿಲ್ಲ. ಟಾರಿಚೆಲ್ಲಿಯ ವಾದಕ್ಕೆ ಅಲ್ಲಿ ಎಡೆಯೇ ಇಲ್ಲ. ವಾಯುವಿನ ಸ್ಥಿತಿಸ್ಥಾಪಕವನ್ನು ಹೇಳಿರುವುದೂ ಇತರರ ಮತವಾಗಿ. ವ್ಯಸ್ತತ್ರೈರಾಶಿಕವಾದರೋ ಲೆಕ್ಕದ ರೀತಿಯನ್ನು ಹೇಳುತ್ತದೆಯೇ ಹೊರತು, ಲೋಕದ ಯಾವ ಪದಾರ್ಥಗಳು ಆ ಲೆಕ್ಕಕ್ಕೆ ಒಳಪಡುತ್ತವೆಂಬುದನ್ನು ಹೇಳಲಾರದು. ಶಬ್ದವಿದ್ದಿತು, ಗಣಿತವಿದ್ದಿತು; ಎರಡನ್ನೂ ಕೂಡಿಸುವ ಅಳತೆಯಿರಲಿಲ್ಲ. ಮೆಟ್ಟಿಲಸಾಲಿನಲ್ಲಿ ತೂಗಿದ ಆ ಗಾಜಿನ ನಳಿಗೆಯು ಮಾಡಿದ ಕಾರ್ಯವು ಅದು. ಶಬ್ದವನ್ನು ನಮ್ಮ ಶಾಸ್ತ್ರದಿಂದ ತೆಗೆದುಕೊಳ್ಳೋಣ. ಅಳೆದವನ ಕೀರ್ತಿಯು ಅಳೆದವನಿಗೇ ಇರಲಿ.

೬

ವ್ಯಾಪ್ತಿಯನ್ನು ಹೇಳಿದಲ್ಲಿ ಉಪಾಧಿಯನ್ನು ಹುಡುಕಬೇಕೆಂಬುದು ತಾರ್ಕಿಕರ ಎಚ್ಚರಿಕೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ಹೇಳುವಂತಿಲ್ಲ. ಹಸಿಯ ಸೌದೆಯ ಸಂಬಂಧವು ಅಲ್ಲಿ ಉಪಾಧಿ. ಗಾತ್ರವು ಅರ್ಧವಾದಲ್ಲೆಲ್ಲ ಒತ್ತಡವು ಇಮ್ಮಡಿಯಾಗುವುದೆಂಬ ವ್ಯಾಪ್ತಿಗೂ ಇಂತಹ ಉಪಾಧಿಗಳಿವೆ. ಒಳಗಿನ ವಾಯುವು ಸೋರಿಹೋಗದೆ ಅಷ್ಟೇ ಇರಬೇಕೆಂಬುದು ಒಂದು. ಉಷ್ಣತೆಯು ಬದಲಾಗಬಾರದೆಂಬುದು ಮತ್ತೊಂದು. ಬಾಯ್ಲನು ಕುಗ್ಗಿದ ವಾಯುವಿರುವ ಭಾಗಕ್ಕೆ ಒದ್ದೆಬಟ್ಟೆಯನ್ನು ಸುತ್ತಿಯೂ ದೀಪದ ಜ್ವಾಲೆಯನ್ನು ಸಮೀಪಕ್ಕೆ ತಂದೂ ಪರೀಕ್ಷಿಸಿದನು. ಶೈತ್ಯದ ಪರಿಣಾಮವು ಅಷ್ಟು ಸ್ಪಷ್ಟವಾಗಲಿಲ್ಲ, ಶಾಖದ ಪರಿಣಾಮವು ಕಂಡಿತು. ಆದರೆ ಅದರ ಪರಿಮಾಣವನ್ನು ಅವನು ನಿರ್ಣಯಿಸಲಿಲ್ಲ. ಅದು ಅಮಾಂಟನ್ ಮೊದಲಾದವರಿಂದ ಆರಂಭವಾಗಿ, ೧೮೦೨ರಲ್ಲಿ ಗೇಲುಸಾಕನ ಪ್ರಕಟನೆಯಿಂದ ನೆಲೆಗೊಂಡಿತು.

ಕಾರಣವನ್ನು ಕುರಿತ ವಿಚಾರವೂ ಮುಂದುವರಿಯಿತು. ಕಣಗಳು ದೂರಕ್ಕೆ ವಿಲೋಮವಾದ ಬಲದಿಂದ ಪರಸ್ಪರ ತಳ್ಳುವುದಾದರೆ ಈ ನಿಯಮವು ಸಿದ್ಧಿಸುವುದೆಂದು ನ್ಯೂಟನನು ೧೬೮೭ರಲ್ಲಿ ಗಣಿತದಿಂದ ತೋರಿಸಿ, ವಸ್ತುತಃ ಹಾಗಿದೆಯೆ ಎಂಬುದನ್ನು ಇತರರ ವಿಚಾರಕ್ಕೆ ಬಿಟ್ಟನು. ೧೭೩೮ರಲ್ಲಿ ಡೇನಿಯಲ್ ಬರ್ನೂಲಿಯು, ಕಣಗಳು ನಿರಂತರವಾಗಿ ಚಲಿಸುತ್ತ ಪಾತ್ರೆಯ ಗೋಡೆಗೆ ಬಡಿಯುವುದೇ ಒತ್ತಡವೆಂದು ಹೇಳಿದನು. ಜಾಗವು ಕಿರಿದಾದರೆ ಬಡಿತಗಳು ಹೆಚ್ಚುತ್ತವೆ. ೧೯ನೆಯ ಶತಮಾನದಲ್ಲಿ ನೆಲೆಗೊಂಡ ಮತವು ಇದೇ. ಹೀಗೆ ಉಣ್ಣೆಯ ಉಪಮಾನವು ಬಿದ್ದುಹೋಯಿತು. ಕೋಷ್ಟಕವು ಮಾತ್ರ ಉಳಿಯಿತು.

ನಿಯಮವೂ ಎಲ್ಲೆಯಿಲ್ಲದುದಲ್ಲ. ರೆನ್ಯೋ ಎಂಬ ಫ್ರೆಂಚ್ ವಿದ್ವಾಂಸನು ೧೮೪೭ರಲ್ಲಿ ಪ್ರಕಟಿಸಿದ ಸೂಕ್ಷ್ಮವಾದ ಅಳತೆಗಳಿಂದ ಅನಿಲಗಳು ಇದನ್ನು ಅಕ್ಷರಶಃ ಪಾಲಿಸುವುದಿಲ್ಲವೆಂದು ತಿಳಿಯಿತು. ಇಂಗಾಲದ ಡೈಆಕ್ಸೈಡ್ ಅನಿಲವನ್ನು ೩೧ ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿನ ಉಷ್ಣತೆಯಲ್ಲಿ ಅದುಮುತ್ತ ಹೋದರೆ, ಒಂದು ಘಟ್ಟದಲ್ಲಿ ಒತ್ತಡವು ಏರದೆಯೇ ಗಾತ್ರವು ಕುಗ್ಗುತ್ತ ಅನಿಲವು ದ್ರವವಾಗುವುದನ್ನು ಆಂಡ್ರೂಸನು ೧೮೬೯ರಲ್ಲಿ ತೋರಿಸಿದನು. ಕಣಗಳಿಗೆ ಸ್ವಂತಗಾತ್ರವೂ ಪರಸ್ಪರ ಆಕರ್ಷಣೆಯೂ ಉಂಟೆಂಬುದನ್ನು ಸೇರಿಸಿ ವಾನ್ ಡರ್ ವಾಲ್ಸನು ೧೮೭೩ರಲ್ಲಿ ನಿಯಮವನ್ನು ತಿದ್ದಿದನು.

೭

ಬೋಧನೆಯ ವಿಷಯದಲ್ಲಿ ಈ ಇತಿಹಾಸದಿಂದ ಮೂರು ಅಂಶಗಳು ಸಿದ್ಧಿಸುತ್ತವೆ.

ಮೊದಲನೆಯದಾಗಿ, ಪೂರ್ವಪಕ್ಷವನ್ನು ವಿದ್ಯಾರ್ಥಿಯ ಬಾಯಿಂದಲೇ ಹೊರಡಿಸಬೇಕು. ಸೂಜಿಯಿಲ್ಲದ ಪಿಚಕಾರಿಯ ಬಾಯನ್ನು ಬೆರಳಿನಿಂದ ಮುಚ್ಚಿ ಕೊಂತವನ್ನು ಹಿಂದಕ್ಕೆಳೆದರೆ ಬೆರಳಿಗೆ ಸೆಳೆತವು ತಿಳಿಯುತ್ತದೆ. ಎಳೆಯುವವರು ಯಾರು ಎಂದು ಕೇಳಿದಾಗ ತರಗತಿಯಲ್ಲಿ ಲೈನಸನ ಶಿಷ್ಯರೇ ಬಹುಮಂದಿ ಕಾಣುವರು. ಅವರನ್ನು ಹಾಸ್ಯಮಾಡದೆ ಅವರ ಯುಕ್ತಿಯನ್ನು ಪೂರ್ಣವಾಗಿ ಹೇಳಗೊಟ್ಟ ಮೇಲೆ ಉತ್ತರಕ್ಕೆ ಹೊರಡಬೇಕು.

ಎರಡನೆಯದಾಗಿ, ಸೂತ್ರಕ್ಕಿಂತ ಮೊದಲು ಕೋಷ್ಟಕವು ಬರಬೇಕು. ಅದರಲ್ಲಿಯೂ ಸುರಿದ ಪಾದರಸದ ಎತ್ತರವನ್ನು ಮಾತ್ರ ಮೊದಲು ಕೊಟ್ಟು, ನಿಯಮವನ್ನು ಹುಡುಕೆಂದು ಹೇಳಬೇಕು. ಆಗ ವಿದ್ಯಾರ್ಥಿಯು ತೊಡಕಿಗೆ ಸಿಕ್ಕುತ್ತಾನೆ. ಗಾತ್ರವು ೨೪ರಿಂದ ೧೨ಕ್ಕೆ ಇಳಿದು ಅರ್ಧವಾದಾಗ ಎತ್ತರವು ೨೯ ೧೧/೧೬ರಿಂದ ೮೮ ೭/೧೬ಕ್ಕೆ ಏರಿ ಹೆಚ್ಚುಕಡಿಮೆ ಮುಮ್ಮಡಿಯಾಗುತ್ತದೆ. ಗಾತ್ರವು ೪೮ ಇರುವಾಗಲಂತೂ ಎತ್ತರವು ಸೊನ್ನೆ. ಪ್ರತಿ ಸಾಲಿಗೂ ವಾಯುಮಂಡಲದ ೨೯ ೨/೧೬ ಅಂಗುಲಗಳನ್ನು ಕೂಡಿಸಿದೊಡನೆ ತೊಡಕು ಬಿಡುತ್ತದೆ. ನಮ್ಮ ಮೇಲೆ ವಾಯುಸಮುದ್ರದ ಭಾರವಿದೆಯೆಂಬುದನ್ನು ಒಪ್ಪದವನಿಗೆ ಈ ನಿಯಮವು ಕಾಣುವುದೇ ಇಲ್ಲವೆಂಬುದು ಆಗ ಅವನಿಗೆ ಮನವರಿಕೆಯಾಗುತ್ತದೆ. ಪರೀಕ್ಷೆಗಳಲ್ಲಿ ವಾಯುಮಂಡಲದ ಒತ್ತಡವನ್ನು ಕೂಡಿಸಲು ಮರೆಯುವ ದೋಷವು ಹೀಗೆ ಕಲಿತವನಲ್ಲಿ ಉಳಿಯಲಾರದು.

ಮೂರನೆಯದಾಗಿ, ಗುಣಲಬ್ಧಗಳು ೧೩೯೮ ಮತ್ತು ೧೪೧೪ರ ನಡುವೆ ಓಲಾಡುವುದನ್ನು ಅವನಿಂದ ಮರೆಮಾಡಬಾರದು. ಎಲ್ಲವೂ ಸರಿಸಮನಾಗಿ ಬರುವ ಕಲ್ಪಿತ ಸಂಖ್ಯೆಗಳನ್ನೇ ಕಂಡ ವಿದ್ಯಾರ್ಥಿಯು ತನ್ನ ಪ್ರಯೋಗದಲ್ಲಿ ಭೇದ ಬಂದರೆ ಅಂಕಿಗಳನ್ನು ತಿದ್ದುವ ಅಭ್ಯಾಸಕ್ಕೆ ಬೀಳುತ್ತಾನೆ. ಬಾಯ್ಲನ ಎರಡು ಅಂಕಣಗಳನ್ನು ಅಕ್ಕಪಕ್ಕದಲ್ಲಿ ಕಂಡವನು, ಕಂಡುದನ್ನು ಕಂಡಂತೆ ಬರೆಯುವುದು ಶಾಸ್ತ್ರದ ಮೊದಲ ಧರ್ಮವೆಂದು ತಿಳಿಯುತ್ತಾನೆ.

ನ್ಯಾಯಶಾಸ್ತ್ರವು ಕಥೆಯನ್ನು ವಾದ, ಜಲ್ಪ, ವಿತಂಡಾ ಎಂದು ವಿಭಾಗಿಸಿ, ತತ್ತ್ವನಿರ್ಣಯಕ್ಕಾಗಿ ನಡೆಯುವುದನ್ನು ಮಾತ್ರ ವಾದವೆಂದು ಕರೆಯಿತು. ಅಂತಹ ವಾದದಲ್ಲಿ ಸೋತವನೂ ಸಿದ್ಧಾಂತಕ್ಕೆ ಉಪಕಾರ ಮಾಡಿದವನೇ. ಲೈನಸನ ರಜ್ಜುವು ಹರಿದುಹೋಗಿ ಮೂರೂವರೆ ಶತಮಾನಗಳಿಗೂ ಹೆಚ್ಚು ಕಾಲ ಸಂದಿದೆ. ಆದರೂ ಅವನು ಕೇಳಿದ ಪ್ರಶ್ನೆಯು, ವಾಯುವಿನ ಬಲವೆಷ್ಟು ಎಂಬುದು, ನಿಯಮವನ್ನು ಕಲಿಸುವ ಪ್ರತಿಯೊಂದು ತರಗತಿಯಲ್ಲಿಯೂ ಮೊದಲು ಕೇಳಬೇಕಾದ ಪ್ರಶ್ನೆಯಾಗಿಯೇ ಉಳಿದಿದೆ.